ಗರ್ಭಿಣಿ ಮತ್ತು ಬಾಣಂತಿಯರ ಆಹಾರದಲ್ಲಿ ಹಿತಕರ ಕೊಬ್ಬು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಪಾಠ

(ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಅಧ್ಯಯನಕ್ಕಾಗಿ)



ಪೌಷ್ಟಿಕತೆಯ ಮಾತು ಬಂದಾಗ ನಮ್ಮ ಸಭೆಗಳಲ್ಲಿ ಕಬ್ಬಿಣಾಂಶದ ಮಾತ್ರೆ, ರಕ್ತಹೀನತೆ, ಮಗುವಿನ ತೂಕ ಇವುಗಳ ಚರ್ಚೆ ನಡೆಯುತ್ತದೆ. ಅದು ಅಗತ್ಯವಾದದ್ದೇ. ಆದರೆ ತಾಯಿಯ ತಟ್ಟೆಯಲ್ಲಿರುವ ಎಣ್ಣೆ, ತುಪ್ಪ, ಕಡಲೆಕಾಯಿ, ಮೊಟ್ಟೆ, ಮೀನುಗಳ ವಿಚಾರ ಚರ್ಚೆಗೆ ಬರುವುದು ಅಪರೂಪ. ಕೊಬ್ಬು ಎಂದೊಡನೆ ಹೃದ್ರೋಗ, ಬೊಜ್ಜು ಎಂಬ ಭಯವೇ ಮೊದಲು ಮನಸ್ಸಿಗೆ ಬರುತ್ತದೆ. ಪರಿಣಾಮವಾಗಿ ಎರಡು ತಪ್ಪುಗಳು ಏಕಕಾಲದಲ್ಲಿ ನಡೆಯುತ್ತಿವೆ. ಗರ್ಭಿಣಿಯ ಊಟದಲ್ಲಿ ಕೊಬ್ಬನ್ನು ಅಗತ್ಯಕ್ಕಿಂತ ಕಡಿಮೆ ಮಾಡಲಾಗುತ್ತದೆ. ಹೆರಿಗೆಯಾದ ಬಳಿಕ ಅದೇ ತಾಯಿಗೆ ತುಪ್ಪ, ಕೊಬ್ಬರಿಗಳನ್ನು ಮಾತ್ರ ಹೆಚ್ಚಾಗಿ ಕೊಟ್ಟು ಉಳಿದುದನ್ನು ಪಥ್ಯದ ಹೆಸರಿನಲ್ಲಿ ತಡೆಯಲಾಗುತ್ತದೆ. ಈ ಎರಡನ್ನೂ ಸರಿಪಡಿಸುವುದರಲ್ಲಿ ಚುನಾಯಿತ ಪ್ರತಿನಿಧಿಗಳಾದ ತಮ್ಮ ಪಾತ್ರವೇನು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

1. ಕೊಬ್ಬು ಏಕೆ ಬೇಕು?

ಆಹಾರದಲ್ಲಿನ ಕೊಬ್ಬಿಗೆ ಗರ್ಭಾವಸ್ಥೆಯಲ್ಲಿಯೂ ಎದೆಹಾಲುಣಿಸುವ ಕಾಲದಲ್ಲಿಯೂ ಮೂರು ಮುಖ್ಯ ಕೆಲಸಗಳಿವೆ.

ಮೊದಲನೆಯದು, ಶಕ್ತಿಯ ಪೂರೈಕೆ. ಒಂದು ಗ್ರಾಂ ಅಕ್ಕಿ ಅಥವಾ ರಾಗಿಯ ಪಿಷ್ಟದಿಂದ ದೇಹಕ್ಕೆ ಸುಮಾರು 4 ಕಿಲೋಕ್ಯಾಲರಿ ದೊರೆತರೆ, ಒಂದು ಗ್ರಾಂ ಕೊಬ್ಬಿನಿಂದ 9 ಕಿಲೋಕ್ಯಾಲರಿ ದೊರೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನ ಪ್ರಕಾರ ಗರ್ಭಿಣಿಗೆ ದಿನವೊಂದಕ್ಕೆ ಹೆಚ್ಚುವರಿಯಾಗಿ 350 ಕಿಲೋಕ್ಯಾಲರಿ, ಹೆರಿಗೆಯ ನಂತರದ ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ 600 ಕಿಲೋಕ್ಯಾಲರಿ, ಆ ಬಳಿಕದ ಆರು ತಿಂಗಳು 520 ಕಿಲೋಕ್ಯಾಲರಿ ಬೇಕು. ಈ 350 ಕಿಲೋಕ್ಯಾಲರಿಯನ್ನು ಅನ್ನದಿಂದಲೇ ಪಡೆಯಬೇಕಾದರೆ ಸುಮಾರು 100 ಗ್ರಾಂ ಅಕ್ಕಿಯ ಅನ್ನವನ್ನು ಹೆಚ್ಚಾಗಿ ಉಣ್ಣಬೇಕು. ಏಳು, ಎಂಟು, ಒಂಬತ್ತನೆಯ ತಿಂಗಳುಗಳಲ್ಲಿ ಬೆಳೆದ ಗರ್ಭವು ಜಠರವನ್ನು ಒತ್ತುವುದರಿಂದ ಅಷ್ಟು ಪ್ರಮಾಣದ ಊಟ ಹಿಡಿಸುವುದಿಲ್ಲ. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಮೊಟ್ಟೆ, ಸಾರಿಗೆ ಎರಡು ಚಮಚ ಎಣ್ಣೆಯ ಒಗ್ಗರಣೆ ಇವು ಸ್ವಲ್ಪ ಜಾಗದಲ್ಲಿ ಹೆಚ್ಚು ಶಕ್ತಿಯನ್ನು ಕೊಡುತ್ತವೆ.

ಎರಡನೆಯದು, ಜೀವಸತ್ವಗಳನ್ನು ಹೀರಿಕೊಳ್ಳುವಂತೆ ಮಾಡುವುದು. ಎ, ಡಿ, ಇ ಮತ್ತು ಕೆ ಜೀವಸತ್ವಗಳು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುತ್ತವೆ. ನುಗ್ಗೆಸೊಪ್ಪು, ಹರಿವೆಸೊಪ್ಪು, ಕ್ಯಾರೆಟ್, ಪರಂಗಿಹಣ್ಣುಗಳಲ್ಲಿರುವ ಎ ಜೀವಸತ್ವದ ಮೂಲವಸ್ತುವು ದೇಹಕ್ಕೆ ಸೇರಬೇಕಾದರೆ ಅದೇ ಊಟದಲ್ಲಿ ಸ್ವಲ್ಪ ಎಣ್ಣೆ ಇರಬೇಕು. ಎಣ್ಣೆಯ ಒಗ್ಗರಣೆಯಿಲ್ಲದೆ ಬರಿದೆ ಬೇಯಿಸಿದ ಸೊಪ್ಪಿನ ಪ್ರಯೋಜನ ಪೂರ್ಣವಾಗಿ ದೊರೆಯುವುದಿಲ್ಲ.

ಮೂರನೆಯದು, ಮಗುವಿನ ಮಿದುಳು ಮತ್ತು ಕಣ್ಣಿನ ರಚನೆ. ಮಿದುಳಿನ ನೀರಿನಂಶವನ್ನು ಬಿಟ್ಟರೆ ಉಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬು. ಗರ್ಭದ ಕೊನೆಯ ಮೂರು ತಿಂಗಳು ಮತ್ತು ಹುಟ್ಟಿದ ನಂತರದ ಎರಡು ವರ್ಷಗಳಲ್ಲಿ ಮಿದುಳು ಅತ್ಯಂತ ವೇಗವಾಗಿ ಬೆಳೆಯುತ್ತದೆ. ಈ ಬೆಳವಣಿಗೆಗೆ ಬೇಕಾದ ಕೆಲವು ಕೊಬ್ಬಿನಾಮ್ಲಗಳನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಆದ್ದರಿಂದ ಅವುಗಳನ್ನು ಅವಶ್ಯಕ ಕೊಬ್ಬಿನಾಮ್ಲಗಳು ಎನ್ನುತ್ತಾರೆ. ಒಮೆಗಾ-6 ಮತ್ತು ಒಮೆಗಾ-3 ಎಂಬ ಎರಡು ಗುಂಪುಗಳು ಇವುಗಳಲ್ಲಿ ಮುಖ್ಯವಾದವು. ಗರ್ಭದಲ್ಲಿರುವ ಮಗುವಿಗೆ ಇವು ತಾಯಿಯ ರಕ್ತದ ಮೂಲಕ, ಹುಟ್ಟಿದ ಮಗುವಿಗೆ ತಾಯಿಯ ಹಾಲಿನ ಮೂಲಕ ಸೇರುತ್ತವೆ. ತಾಯಿ ಏನನ್ನು ತಿನ್ನುತ್ತಾಳೆಯೋ ಅದೇ ಮಗುವಿನ ಪಾಲು.

2. ಎಷ್ಟು ಬೇಕು? ಒಂದು ಸರಳ ಲೆಕ್ಕ

ಆಹಾರದ ಕೊಬ್ಬನ್ನು ಎರಡಾಗಿ ವಿಂಗಡಿಸುತ್ತಾರೆ. ಅಡುಗೆಗೆ ಬಳಸುವ ಎಣ್ಣೆ, ತುಪ್ಪ, ಬೆಣ್ಣೆ ಕಣ್ಣಿಗೆ ಕಾಣುವ ಕೊಬ್ಬು. ಧಾನ್ಯ, ಬೇಳೆ, ಕಡಲೆಕಾಯಿ, ತೆಂಗಿನಕಾಯಿ, ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಅಡಗಿರುವುದು ಕಾಣದ ಕೊಬ್ಬು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಶಿಫಾರಸಿನಂತೆ ಗರ್ಭಿಣಿಗೂ ಹಾಲುಣಿಸುವ ತಾಯಿಗೂ ದಿನಕ್ಕೆ ಕಾಣುವ ಕೊಬ್ಬು 30 ಗ್ರಾಂ ಬೇಕು. ಕಡಿಮೆ ಶ್ರಮದ ಕೆಲಸ ಮಾಡುವ ಇತರ ಮಹಿಳೆಗೆ ಇದು 20 ಗ್ರಾಂ.

ಅಡುಗೆಮನೆಯ ಅಳತೆಯಲ್ಲಿ 30 ಗ್ರಾಂ ಎಂದರೆ ಆರರಿಂದ ಏಳು ಸಣ್ಣ ಚಮಚ. ದಿನಕ್ಕೆ 30 ಗ್ರಾಂ ಎಂದರೆ ತಿಂಗಳಿಗೆ 900 ಗ್ರಾಂ. ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಎಣ್ಣೆ. ಈ ಒಂದು ಲೀಟರಿನ ಲೆಕ್ಕವನ್ನು ಸದಸ್ಯರು ನೆನಪಿನಲ್ಲಿಡಬೇಕು. ಐದು ಜನರ ಮನೆಯಲ್ಲಿ ತಿಂಗಳಿಗೆ ಎರಡು ಲೀಟರ್ ಎಣ್ಣೆ ತರುವ ಕುಟುಂಬವನ್ನು ಊಹಿಸಿಕೊಳ್ಳಿ. ಸಮನಾಗಿ ಹಂಚಿದರೂ ಗರ್ಭಿಣಿಯ ಪಾಲಿಗೆ ಬರುವುದು 400 ಮಿಲಿಲೀಟರ್. ಅಗತ್ಯದ ಅರ್ಧಕ್ಕೂ ಕಡಿಮೆ. ಎಲ್ಲರೂ ಉಂಡ ಮೇಲೆ ಕೊನೆಯಲ್ಲಿ ಸೊಸೆ ಉಣ್ಣುವ ಮನೆಯಾದರೆ, ಒಗ್ಗರಣೆ ಮೇಲೆ ತೇಲುವ ಸಾರು ಮುಗಿದು ತಳದ ತಿಳಿ ಮಾತ್ರ ಅವಳಿಗೆ ಉಳಿಯುತ್ತದೆ. ಕೊರತೆ ಅಂಗಡಿಯಲ್ಲಿ ಮಾತ್ರ ಇರುವುದಿಲ್ಲ, ಉಣ್ಣುವ ಕ್ರಮದಲ್ಲಿಯೂ ಇರುತ್ತದೆ.

ಇನ್ನೊಂದು ಲೆಕ್ಕ ಇನ್ನಷ್ಟು ಸ್ಪಷ್ಟವಾಗಿದೆ. ಮಗುವಿಗೆ ಎದೆಹಾಲನ್ನಷ್ಟೇ ಉಣಿಸುವ ತಾಯಿಯ ದೇಹದಲ್ಲಿ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಉತ್ಪತ್ತಿಯಾಗುತ್ತದೆ. ಎದೆಹಾಲಿನ ಪ್ರತಿ 100 ಮಿಲಿಲೀಟರಿನಲ್ಲಿ 3.5ರಿಂದ 4 ಗ್ರಾಂ ಕೊಬ್ಬಿರುತ್ತದೆ. ಹಾಗಾದರೆ ತಾಯಿ ದಿನವೊಂದಕ್ಕೆ 26ರಿಂದ 30 ಗ್ರಾಂ ಕೊಬ್ಬನ್ನು ಮಗುವಿಗೆ ಧಾರೆಯೆರೆಯುತ್ತಾಳೆ. ಮಗುವಿಗೆ ಹಾಲಿನಿಂದ ದೊರೆಯುವ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಈ ಕೊಬ್ಬಿನದೇ. ತಾಯಿಯ ಊಟದಲ್ಲಿ ಕೊಬ್ಬು ಕಡಿಮೆಯಾದಾಗ ಹಾಲಿನ ಕೊಬ್ಬಿನ ಒಟ್ಟು ಪ್ರಮಾಣ ಅಷ್ಟಾಗಿ ಇಳಿಯುವುದಿಲ್ಲ; ದೇಹವು ತನ್ನ ಸಂಗ್ರಹದಿಂದ ತೆಗೆದು ಕೊಡುತ್ತದೆ. ಸಂಗ್ರಹವೇ ಇಲ್ಲದ ಬಡ ತಾಯಿ ಕ್ಷೀಣಿಸುತ್ತಾಳೆ. ಆದರೆ ಹಾಲಿನ ಕೊಬ್ಬಿನ ಗುಣ ಮಾತ್ರ ತಾಯಿಯ ಆಹಾರವನ್ನು ಅನುಸರಿಸಿ ಬದಲಾಗುತ್ತದೆ. ಆದ್ದರಿಂದ ಎಷ್ಟು ಎಂಬುದರ ಜೊತೆಗೆ ಯಾವುದು ಎಂಬ ಪ್ರಶ್ನೆಯೂ ಮುಖ್ಯ.

3. ಯಾವ ಕೊಬ್ಬು ಹಿತ? ನಮ್ಮ ಮೂರು ತಾಲ್ಲೂಕುಗಳಲ್ಲಿ ಏನೇನಿದೆ?

ಈ ಸೀಮೆಗೆ ಬೆಣ್ಣೆಯ ಹೆಸರು ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅರಮನೆಯ ಹಸುಗಳ ಪಾಲನೆಗೆ ಇದ್ದ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಅಮೃತಮಹಲ್ ಆಯಿತು. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಇಂತಹ ನಾಡಿನಲ್ಲಿಯೇ ಹಾಲು ಕರೆಯುವ ಮನೆಯ ಗರ್ಭಿಣಿಗೆ ಒಂದು ಲೋಟ ಹಾಲು ಸಿಗದೆ ಹೋಗುವುದುಂಟು. ಬೆಳಿಗ್ಗೆ ಸಂಜೆ ಕರೆದ ಹಾಲು ಡೈರಿಗೆ ಹೋಗುತ್ತದೆ. ಉಳಿದ ಅರ್ಧ ಪಾವು ಚಹಾಕ್ಕೆ ಸರಿಹೋಗುತ್ತದೆ. ಡೈರಿಯ ಹಣ ಮನೆ ನಡೆಸಲು ಬೇಕು ಎಂಬುದು ನಿಜ. ಆದರೂ ಗರ್ಭಿಣಿ ಅಥವಾ ಬಾಣಂತಿ ಇರುವ ಮನೆಯವರು ದಿನಕ್ಕೆ ಅರ್ಧ ಲೀಟರ್ ಹಾಲನ್ನು ಮನೆಗೆ ಉಳಿಸಿಕೊಳ್ಳಬೇಕೆಂದು ಹಾಲು ಉತ್ಪಾದಕರ ಸಹಕಾರ ಸಂಘದ ಸಭೆಯಲ್ಲಿ ತಿಳಿಹೇಳುವುದು ಸದಸ್ಯರಿಂದ ಆಗುವ ಕೆಲಸ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಏಳೆಂಟು ಗ್ರಾಂ ಕೊಬ್ಬಿನೊಡನೆ ಸುಣ್ಣದಂಶ ಹಾಗೂ ಸಸಾರಜನಕವೂ ದೊರೆಯುತ್ತವೆ. ಹಾಲನ್ನು ಕಾಯಿಸಿಯೇ ಕುಡಿಯಬೇಕು.

ಕಡಲೆಕಾಯಿ: ಕಡೂರು ಮತ್ತು ಅಜ್ಜಂಪುರದ ಬಯಲಿನವರಿಗೆ ಇದು ಪರಿಚಿತ ಬೆಳೆ. 30 ಗ್ರಾಂ ಬೀಜದಲ್ಲಿ ಸುಮಾರು 14 ಗ್ರಾಂ ಕೊಬ್ಬು, ಏಳೆಂಟು ಗ್ರಾಂ ಸಸಾರಜನಕ ಇವೆ. ಹುರಿದು, ಬೇಯಿಸಿ, ಚಟ್ನಿ ಮಾಡಿ, ಬೆಲ್ಲದೊಡನೆ ಉಂಡೆ ಕಟ್ಟಿ ಬಳಸಬಹುದು. ಬೂಷ್ಟು ಹಿಡಿದ, ಕಹಿಯಾದ ಬೀಜವನ್ನು ತೊಳೆದು ಬಳಸುವಂತಿಲ್ಲ; ಬೂಷ್ಟಿನಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗದು. ಕೊಬ್ಬರಿಗೂ ಇದೇ ಎಚ್ಚರ ಅನ್ವಯಿಸುತ್ತದೆ.

ಹುಚ್ಚೆಳ್ಳು, ಎಳ್ಳು, ಸೂರ್ಯಕಾಂತಿ: ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಹುಚ್ಚೆಳ್ಳು ಒಮೆಗಾ-6 ಕೊಬ್ಬಿನಾಮ್ಲದ ಉತ್ತಮ ಮೂಲ. ಮುದ್ದೆಯೊಡನೆ ಹುಚ್ಚೆಳ್ಳಿನ ಚಟ್ನಿಪುಡಿ ನಮ್ಮ ಹಿರಿಯರು ಕಂಡುಕೊಂಡ ಜೋಡಿ. ಹೊಲದಿಂದ ಅಕ್ಕಡಿ ಮರೆಯಾದಂತೆ ತಟ್ಟೆಯಿಂದ ಈ ಕೊಬ್ಬೂ ಮರೆಯಾಗುತ್ತಿದೆ. ಎಳ್ಳಿನಲ್ಲಿ ಕೊಬ್ಬಿನ ಜೊತೆಗೆ ಸುಣ್ಣದಂಶವಿದೆ. ಸೂರ್ಯಕಾಂತಿ ಎಣ್ಣೆಯೂ ಒಮೆಗಾ-6ರಲ್ಲಿ ಸಮೃದ್ಧವಾಗಿದೆ.

ತೆಂಗು: ಕಡೂರು, ತರೀಕೆರೆಗಳ ತೋಟಗಳಲ್ಲಿ ತೆಂಗಿಗೆ ಕೊರತೆಯಿಲ್ಲ. ತೆಂಗಿನ ಕೊಬ್ಬು ಶಕ್ತಿ ಕೊಡುತ್ತದೆ, ಬೇಗ ಕೆಡುವುದಿಲ್ಲ. ಆದರೆ ಅದರಲ್ಲಿ ಬಹುಪಾಲು ಪರ್ಯಾಪ್ತ ಕೊಬ್ಬಿದ್ದು, ಅವಶ್ಯಕ ಕೊಬ್ಬಿನಾಮ್ಲಗಳು ತೀರ ಕಡಿಮೆ; ಒಮೆಗಾ-3 ಇಲ್ಲವೆಂದೇ ಹೇಳಬೇಕು. ತುಪ್ಪದ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಅದರಲ್ಲಿ ಎ ಜೀವಸತ್ವವಿರುವುದು ವಿಶೇಷ. ಆದ್ದರಿಂದ ತೆಂಗು, ತುಪ್ಪ ವರ್ಜ್ಯವಲ್ಲ; ಅವೆರಡನ್ನೇ ನೆಚ್ಚಿಕೊಳ್ಳಬಾರದು ಎಂದಷ್ಟೇ ತಾತ್ಪರ್ಯ. ದಿನಕ್ಕೆ ಒಂದೆರಡು ಚಮಚ ತುಪ್ಪ, ಅಡುಗೆಗೆ ಸಾಮಾನ್ಯವಾಗಿ ಬಳಸುವಷ್ಟು ಕಾಯಿತುರಿ, ಉಳಿದದ್ದು ಕಡಲೆಕಾಯಿ, ಸೂರ್ಯಕಾಂತಿ, ಎಳ್ಳು ಮುಂತಾದ ಎಣ್ಣೆ ಎಂಬ ಹಂಚಿಕೆ ಒಳ್ಳೆಯದು. ಒಂದೇ ಎಣ್ಣೆಯನ್ನು ವರ್ಷಪೂರ್ತಿ ಬಳಸುವ ಬದಲು ತಿಂಗಳಿಗೊಮ್ಮೆ ಬದಲಾಯಿಸುವುದು ಸುಲಭ ಉಪಾಯ.

ಒಮೆಗಾ-3: ನಮ್ಮ ಊಟದಲ್ಲಿ ಹೆಚ್ಚು ಕೊರತೆಯಾಗುವ ಕೊಬ್ಬಿನಾಮ್ಲ ಇದು. ಸಸ್ಯಾಹಾರದಲ್ಲಿ ಅಗಸೆಬೀಜ, ಸಾಸಿವೆ, ಸೋಯಾ ಎಣ್ಣೆ, ಅಕ್ರೋಟು ಇದರ ಮೂಲಗಳು. ಸೊಪ್ಪುಗಳಲ್ಲಿಯೂ ಅಲ್ಪ ಪ್ರಮಾಣದಲ್ಲಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸೆ ಚಟ್ನಿಪುಡಿ ಊಟದ ಅಂಗ. ನಮ್ಮಲ್ಲಿ ಅದರ ಬಳಕೆ ಕಡಿಮೆ. ಹುರಿದು ಪುಡಿ ಮಾಡಿದ ಅಗಸೆಯನ್ನು ಅಡುಗೆಯಲ್ಲಿ ದಿನಕ್ಕೆ ಒಂದು ಸಣ್ಣ ಚಮಚದಷ್ಟು ಬಳಸಬಹುದು. ಔಷಧಿಯಂತೆ ಹೆಚ್ಚಾಗಿ ಸೇವಿಸುವುದು ಬೇಡ. ಸಸ್ಯಮೂಲದ ಒಮೆಗಾ-3ನ್ನು ಮಿದುಳಿಗೆ ಬೇಕಾದ ಡಿ.ಎಚ್.ಎ. ಎಂಬ ರೂಪಕ್ಕೆ ಪರಿವರ್ತಿಸುವ ಶಕ್ತಿ ದೇಹಕ್ಕೆ ಸ್ವಲ್ಪ ಮಾತ್ರ ಇದೆ. ಸಿದ್ಧರೂಪದ ಡಿ.ಎಚ್.ಎ. ದೊರೆಯುವುದು ಮೀನಿನಲ್ಲಿ, ಸ್ವಲ್ಪಮಟ್ಟಿಗೆ ಮೊಟ್ಟೆಯಲ್ಲಿ. ಗರ್ಭಿಣಿ ಹಾಗೂ ಹಾಲುಣಿಸುವ ತಾಯಿಗೆ ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಡಿ.ಎಚ್.ಎ. ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರು ಹೇಳಿದ್ದಾರೆ.

ಮೀನು ತಿನ್ನುವ ಮನೆಗಳಲ್ಲಿ ವಾರಕ್ಕೆ ಎರಡು ಬಾರಿ ಮೀನು ಸೂಕ್ತ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಬೂತಾಯಿ, ಬಂಗುಡೆಗಳು ಅಗ್ಗವೂ ಹೌದು, ಒಮೆಗಾ-3ರಲ್ಲಿ ಎಲ್ಲಕ್ಕಿಂತ ಮುಂದೆಯೂ ಹೌದು. ಲಕ್ಕವಳ್ಳಿಯ ಭದ್ರಾ ಜಲಾಶಯದ, ಸಖರಾಯಪಟ್ಟಣದ ಅಯ್ಯನಕೆರೆಯಂತಹ ಕೆರೆಗಳ ಮೀನಿನಲ್ಲಿ ಒಮೆಗಾ-3 ಸಮುದ್ರದ ಮೀನಿಗಿಂತ ಕಡಿಮೆಯಿದ್ದರೂ ಒಳ್ಳೆಯ ಸಸಾರಜನಕವಿದೆ. ಶಾರ್ಕ್‌ನಂತಹ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಶೇಖರಗೊಳ್ಳುವುದರಿಂದ ಗರ್ಭಿಣಿಯರು ಅವನ್ನು ತಿನ್ನಬಾರದು. ಮೀನಿನ ಯಕೃತ್ತಿನ ಎಣ್ಣೆಯ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ಅವುಗಳಲ್ಲಿನ ಎ ಜೀವಸತ್ವ ಮಿತಿಮೀರಿದರೆ ಗರ್ಭಕ್ಕೆ ಹಾನಿ. ಮೀನು, ಮೊಟ್ಟೆ ತಿನ್ನದವರು ಡಿ.ಎಚ್.ಎ. ಪೂರಕ ಬೇಕೇ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ತಿಳಿಯಬೇಕು. ಯಾರ ಆಚಾರವನ್ನೂ ಬದಲಾಯಿಸುವುದು ನಮ್ಮ ಕೆಲಸವಲ್ಲ. ಅವರವರ ಊಟದ ಪದ್ಧತಿಯೊಳಗೇ ಉತ್ತಮವಾದುದನ್ನು ತೋರಿಸಬೇಕು.

4. ದೂರವಿಡಬೇಕಾದುವು

ವನಸ್ಪತಿ ಮತ್ತು ಅದರಿಂದ ತಯಾರಿಸಿದ ಅಗ್ಗದ ಬೇಕರಿ ತಿನಿಸುಗಳಲ್ಲಿ ಟ್ರಾನ್ಸ್ ಕೊಬ್ಬು ಇರುವ ಸಂಭವವಿದೆ. ಇದು ಹೃದಯಕ್ಕೆ ಹಾನಿಕರ. ಗರ್ಭದಲ್ಲಿರುವ ಮಗುವಿಗೂ ಎದೆಹಾಲಿಗೂ ಸೇರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಎಣ್ಣೆ ಹಾಗೂ ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರ ಜನವರಿಯಿಂದ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿದೆ. ಆದರೂ ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದ ಬಜ್ಜಿ, ಬೋಂಡಾಗಳ ಅಪಾಯ ಉಳಿದೇ ಇದೆ. ಸಂತೆಯ ದಿನ ಗರ್ಭಿಣಿಗೆಂದು ಪ್ರೀತಿಯಿಂದ ತರುವ ಕರಿದ ತಿಂಡಿಯ ಪೊಟ್ಟಣಕ್ಕಿಂತ ಅದೇ ಹಣದ ಕಡಲೆಕಾಯಿ ಅಥವಾ ಮೊಟ್ಟೆ ಮೇಲು.

ಎಣ್ಣೆಯನ್ನು ಮೊಹರು ಹಾಕಿದ ಪೊಟ್ಟಣದಲ್ಲಿಯೇ ಕೊಳ್ಳಬೇಕು; ಬಳಸಬೇಕಾದ ಅವಧಿಯ ದಿನಾಂಕ ನೋಡಬೇಕು. ಎ ಮತ್ತು ಡಿ ಜೀವಸತ್ವ ಸೇರಿಸಿದ ಎಣ್ಣೆಯ ಪೊಟ್ಟಣದ ಮೇಲೆ ಸಾರವರ್ಧನೆಯ ಗುರುತಿರುತ್ತದೆ. ಸಾಧ್ಯವಾದಲ್ಲಿ ಅದನ್ನೇ ಆರಿಸಬೇಕು. ಪರಿಚಿತ, ಸ್ವಚ್ಛವಾದ ಗಾಣದ ಎಣ್ಣೆಯೂ ಒಳ್ಳೆಯದೇ. ಅದನ್ನು ಬೆಳಕು ತಾಗದಂತೆ ಮುಚ್ಚಿಟ್ಟು ಬೇಗ ಮುಗಿಸಬೇಕು.

5. ನಂಬಿಕೆಗಳನ್ನು ಎದುರಿಸುವ ಬಗೆ

ಎಣ್ಣೆ, ತುಪ್ಪ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತಿದೆ. ಶಿಫಾರಸು ಮಾಡಿದ ಪ್ರಮಾಣದ ಕೊಬ್ಬಿನಿಂದ ಹಾಗಾಗುವುದಿಲ್ಲ. ಬದಲಿಗೆ ತಾಯಿ ಅರೆಹೊಟ್ಟೆಯಲ್ಲಿದ್ದರೆ ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಹೆಚ್ಚುತ್ತದೆ. ಒಂಬತ್ತನೆಯ ತಿಂಗಳಲ್ಲಿ ತುಪ್ಪ ಕುಡಿದರೆ ಹೆರಿಗೆ ಸಲೀಸು ಎಂಬ ಮಾತಿಗೂ ಆಧಾರವಿಲ್ಲ. ಜಠರದ ತುಪ್ಪಕ್ಕೂ ಹೆರಿಗೆಯ ಹಾದಿಗೂ ಸಂಬಂಧವಿಲ್ಲ. ಎಳ್ಳು, ಮೊಟ್ಟೆ, ಮೀನು ಉಷ್ಣವೆಂದು ದೂರವಿಡುವುದುಂಟು. ಊಟದ ಪ್ರಮಾಣದಲ್ಲಿ, ಚೆನ್ನಾಗಿ ಬೇಯಿಸಿದಾಗ ಇವು ಪೋಷಕವೇ ಹೊರತು ಹಾನಿಕರವಲ್ಲ.

ಬಾಣಂತಿಗೆ ಮೆಣಸಿನ ಸಾರು, ಅನ್ನ, ತುಪ್ಪ, ಕೊಬ್ಬರಿ ಬೆಲ್ಲ ಮಾತ್ರ ಕೊಟ್ಟು ಸೊಪ್ಪು, ಬೇಳೆ, ಹಾಲು, ಕೆಲವೆಡೆ ನೀರನ್ನೂ ಮಿತಗೊಳಿಸುವ ಪಥ್ಯ ಇನ್ನೂ ಉಳಿದಿದೆ. ಇದರಲ್ಲಿ ಒಳ್ಳೆಯ ಅಂಶವೂ ಇದೆ. ಹೆತ್ತವಳಿಗೆ ಹೆಚ್ಚು ಶಕ್ತಿ ಬೇಕೆಂದು ಹಿರಿಯರು ಅರಿತಿದ್ದರು. ಅಂಟಿನ ಉಂಡೆ ಅದರ ಗುರುತು. ಆದ್ದರಿಂದ ಹಿರಿಯರನ್ನು ಹಳಿಯುವ ಮಾತು ಬೇಡ. “ಅಮ್ಮಾ, ನೀವು ಮಾಡುವ ಉಂಡೆ ಒಳ್ಳೆಯದೇ. ಅದಕ್ಕೆ ಒಂದು ಹಿಡಿ ಕಡಲೆಕಾಯಿ, ಎಳ್ಳು ಸೇರಿಸಿ, ಊಟಕ್ಕೆ ಸೊಪ್ಪಿನ ಹುಳಿ ಬಡಿಸಿ, ಬಾಯಾರಿದಾಗ ನೀರು ಕೊಡಿ” ಎಂದರೆ ಅತ್ತೆಯವರೂ ತವರಿನ ತಾಯಿಯವರೂ ಒಪ್ಪುತ್ತಾರೆ. ಮನೆಯ ಅಡುಗೆಯ ತೀರ್ಮಾನ ಅವರ ಕೈಯಲ್ಲಿದೆ. ಗರ್ಭಿಣಿಗೆ ಮಾತ್ರ ಬೋಧಿಸಿ ಬಂದರೆ ಫಲವಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಗರ್ಭಾವಸ್ಥೆಯ ಮಧುಮೇಹ, ರಕ್ತದೊತ್ತಡ, ಕಾಮಾಲೆ, ಪಿತ್ತಕೋಶದ ತೊಂದರೆ ಅಥವಾ ಅತಿತೂಕ ಇರುವವರು ಕೊಬ್ಬಿನ ಪ್ರಮಾಣವನ್ನು ವೈದ್ಯರ ಸಲಹೆಯಂತೆಯೇ ನಿರ್ಧರಿಸಬೇಕು. ಸದಸ್ಯರು ವೈದ್ಯರಲ್ಲ, ಅನುಮಾನ ಬಂದಲ್ಲಿ ತಾಯಿ ಕಾರ್ಡ್ ಸಹಿತ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದೇ ಸರಿಯಾದ ಕ್ರಮ.

6. ಒಂದು ದಿನದ ಊಟದ ಮಾದರಿ

ಬೆಳಿಗ್ಗೆ: ರಾಗಿ ರೊಟ್ಟಿ ಅಥವಾ ಉಪ್ಪಿಟ್ಟು, ಕಡಲೆಕಾಯಿ ಚಟ್ನಿ, ಒಂದು ಲೋಟ ಹಾಲು. ಎಣ್ಣೆ ಎರಡು ಚಮಚ.
ಮಧ್ಯಾಹ್ನ: ಅಂಗನವಾಡಿಯ ಊಟ; ಅನ್ನ, ಬೇಳೆ ತರಕಾರಿ ಸಾಂಬಾರು, ಪಲ್ಯ, ಮೊಟ್ಟೆ. ಎಣ್ಣೆ ಎರಡು ಚಮಚ.
ಸಂಜೆ: ಕಡಲೆಕಾಯಿ ಚಿಕ್ಕಿ ಅಥವಾ ಎಳ್ಳುಂಡೆ, ಒಂದು ಹಣ್ಣು.
ರಾತ್ರಿ: ಮುದ್ದೆ, ಸೊಪ್ಪಿನ ಸಾರು ಅಥವಾ ಮೀನಿನ ಸಾರು, ಹುಚ್ಚೆಳ್ಳು ಚಟ್ನಿಪುಡಿ, ಅನ್ನ ಮಜ್ಜಿಗೆ. ಎಣ್ಣೆ ಅಥವಾ ತುಪ್ಪ ಎರಡು ಚಮಚ.

ಊಟದ ಜೊತೆಯಲ್ಲಿಯೇ ಚಹಾ, ಕಾಫಿ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸೇರುವುದು ಕುಂಠಿತವಾಗುತ್ತದೆ. ಒಂದು ಗಂಟೆಯ ಅಂತರವಿರಲಿ. ಮಗುವಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಆ ಬಳಿಕ ಕೊಡುವ ರಾಗಿ ಸರಿ, ಮೆತ್ತಗಿನ ಅನ್ನಕ್ಕೆ ಒಂದು ಸಣ್ಣ ಚಮಚ ತುಪ್ಪ ಅಥವಾ ಎಣ್ಣೆ ಸೇರಿಸಬೇಕು. ಪುಟ್ಟ ಹೊಟ್ಟೆಗೆ ಶಕ್ತಿ ಸಾಕಾಗುವುದು ಹಾಗೆಯೇ.

7. ಗ್ರಾಮ ಪಂಚಾಯಿತಿಯ ಹೊಣೆ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಅನ್ವಯ ಪ್ರತಿಯೊಬ್ಬ ಗರ್ಭಿಣಿಗೂ, ಹೆರಿಗೆಯಾದ ಆರು ತಿಂಗಳವರೆಗೆ ತಾಯಿಗೂ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಆಹಾರ ದೊರೆಯಬೇಕು. ಅದರ ಪ್ರಮಾಣ 600 ಕಿಲೋಕ್ಯಾಲರಿ ಶಕ್ತಿ, 18ರಿಂದ 20 ಗ್ರಾಂ ಸಸಾರಜನಕ ಎಂದು 2013ರಲ್ಲಿ ಕಾಯ್ದೆಯ ಅನುಸೂಚಿಯಲ್ಲಿ ನಿಗದಿಯಾಗಿತ್ತು. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಕಡಲೆಕಾಯಿ ಚಿಕ್ಕಿ ನೀಡುವ ವ್ಯವಸ್ಥೆ ಬಂದಿತು. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ಇದು ದಾನವಲ್ಲ, ಹಕ್ಕು. ಈ ಊಟದ ಹಾಲು, ಮೊಟ್ಟೆ, ಚಿಕ್ಕಿಗಳಲ್ಲಿಯೇ ಆ ದಿನದ ಹಿತಕರ ಕೊಬ್ಬಿನ ಒಂದು ದೊಡ್ಡ ಪಾಲಿದೆ. ಒಂದು ದಿನ ಮೊಟ್ಟೆ ಬಾರದಿದ್ದರೆ ಅಥವಾ ತಾಯಿ ಅಂಗನವಾಡಿಗೆ ಹೋಗಲಾಗದಿದ್ದರೆ ಆ ಪಾಲು ತಪ್ಪಿಹೋಗುತ್ತದೆ. ಈ ಕಾರಣದಿಂದ ಸದಸ್ಯರು ಕೆಳಗಿನ ಕೆಲಸಗಳನ್ನು ಕೈಗೊಳ್ಳಬಹುದು.

(ಅ) ಪಟ್ಟಿ: ತಮ್ಮ ಕ್ಷೇತ್ರದ ಗರ್ಭಿಣಿ, ಬಾಣಂತಿಯರ ಸಂಖ್ಯೆಯನ್ನು ಪ್ರತಿ ತಿಂಗಳು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಂದ ಪಡೆಯುವುದು. ಎಷ್ಟು ಮಂದಿ ನೋಂದಣಿಯಾಗಿದ್ದಾರೆ, ಎಷ್ಟು ಮಂದಿ ನಿತ್ಯ ಊಟಕ್ಕೆ ಬರುತ್ತಾರೆ ಎಂಬ ಎರಡು ಅಂಕಿಗಳ ಅಂತರವನ್ನು ಗಮನಿಸುವುದು. ಅಂತರ ಹೆಚ್ಚಿದ್ದಲ್ಲಿ ಕಾರಣ ಹುಡುಕುವುದು: ದೂರ, ಕೂಲಿಯ ಸಮಯ, ಸಂಕೋಚ, ಮನೆಯವರ ಅಡ್ಡಿ. ಕೇಂದ್ರದಿಂದ ದೂರವಿರುವ ತಾಂಡಾ, ತೋಟದ ಮನೆ, ಕಾಡಂಚಿನ ವಸತಿಗಳ ತಾಯಂದಿರನ್ನು ಮೊದಲು ವಿಚಾರಿಸುವುದು.

(ಆ) ತವರಿಗೆ ಹೋದವರು: ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ. ಕಡೂರಿನ ಸೊಸೆ ಏಳನೆಯ ತಿಂಗಳಲ್ಲಿ ಅಜ್ಜಂಪುರದ ತವರಿಗೆ ಹೋದಾಗ, ಇಲ್ಲಿಯ ಪಟ್ಟಿಯಲ್ಲಿ ಹೆಸರಿದ್ದೂ ಊಟವಿಲ್ಲ, ಅಲ್ಲಿಯ ಪಟ್ಟಿಯಲ್ಲಿ ಹೆಸರೇ ಇಲ್ಲ ಎಂಬ ಸ್ಥಿತಿ ಬರಬಾರದು. ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುವ ತಿಂಗಳುಗಳೇ ಇವು. ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯ ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಹೊರಡುವ ಮುನ್ನವೇ ವರ್ಗಾವಣೆ ಆಗುವಂತೆ, ತವರಿನ ಊರಿನ ಸದಸ್ಯರಿಗೆ ಒಂದು ದೂರವಾಣಿ ಕರೆ ಹೋಗುವಂತೆ ನೋಡಿಕೊಳ್ಳುವುದು.

(ಇ) ಅಂಗನವಾಡಿ ಭೇಟಿ: ತಿಂಗಳಿಗೊಮ್ಮೆ ಊಟದ ಹೊತ್ತಿನಲ್ಲಿ ಭೇಟಿ ನೀಡುವುದು. ಎಣ್ಣೆಯ ಪೊಟ್ಟಣದ ದಿನಾಂಕ, ಕಡಲೆಕಾಯಿಯ ದಾಸ್ತಾನು, ಮೊಟ್ಟೆ ಮತ್ತು ಹಾಲಿನ ಪೂರೈಕೆ ನೋಡುವುದು. ಪ್ರಚಲಿತ ಆದೇಶದಂತೆ ತಲಾ ಪ್ರಮಾಣ ಎಷ್ಟೆಂಬುದನ್ನು ಶಿಶು ಅಭಿವೃದ್ಧಿ ಯೋಜನಾ ಕಚೇರಿಯಿಂದ ಬರಹದಲ್ಲಿ ಪಡೆದು ಕೇಂದ್ರದ ಗೋಡೆಯ ಮೇಲೆ ಪ್ರದರ್ಶಿಸುವಂತೆ ಕೇಳುವುದು. ಭೇಟಿಯ ಉದ್ದೇಶ ಕಾರ್ಯಕರ್ತೆಯನ್ನು ತಪಾಸಿಸುವುದಲ್ಲ. ಪೂರೈಕೆ ತಡವಾದಾಗ ಅವರ ಪರವಾಗಿ ಮಾತನಾಡುವ ಹೊಣೆಯೂ ಸದಸ್ಯರದೇ.

(ಈ) ಸಂಘ, ಸಂಸ್ಥೆಗಳ ಸಹಕಾರ: ಸಂಜೀವಿನಿ ಒಕ್ಕೂಟದ ಮಹಿಳೆಯರಿಂದ ಹುಚ್ಚೆಳ್ಳು, ಅಗಸೆ, ಕಡಲೆಕಾಯಿ ಚಟ್ನಿಪುಡಿ ತಯಾರಿಕೆಯನ್ನು ಪ್ರೋತ್ಸಾಹಿಸುವುದು. ಅಂಗನವಾಡಿ, ಶಾಲೆಗಳ ಆವರಣದಲ್ಲಿ ನುಗ್ಗೆ, ಪರಂಗಿ, ಸೊಪ್ಪಿನ ಕೈತೋಟ ಬೆಳೆಸುವುದು. ರೈತರ ಸಭೆಗಳಲ್ಲಿ ರಾಗಿಯೊಡನೆ ಅಕ್ಕಡಿ ಸಾಲನ್ನು ಮತ್ತೆ ಹಾಕುವಂತೆ ಕೋರುವುದು.

(ಉ) ಸಭೆಗಳು: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಕಾರ್ಯಸೂಚಿಯಲ್ಲಿ ತಾಯಂದಿರ ಆಹಾರವನ್ನು ಕಾಯಂ ವಿಷಯವಾಗಿಸುವುದು. ಸೆಪ್ಟೆಂಬರ್ ತಿಂಗಳ ಪೋಷಣ ಮಾಸಾಚರಣೆಯಲ್ಲಿ ಅತ್ತೆಯಂದಿರನ್ನೂ ಪತಿಯಂದಿರನ್ನೂ ಕರೆದು, ಆರು ಚಮಚ ಎಣ್ಣೆಯನ್ನು ಬಟ್ಟಲಿನಲ್ಲಿ ಅಳೆದು ತೋರಿಸುವುದು. ಭಾಷಣಕ್ಕಿಂತ ಆ ಬಟ್ಟಲು ಹೆಚ್ಚು ಮನದಟ್ಟು ಮಾಡುತ್ತದೆ.

8. ನಿರ್ಣಯದ ಮಾದರಿ

“ಈ ಪಂಚಾಯಿತಿ ವ್ಯಾಪ್ತಿಯ ಎಲ್ಲ ಗರ್ಭಿಣಿ ಹಾಗೂ ಹಾಲುಣಿಸುವ ತಾಯಂದಿರ ನೋಂದಣಿ ಮತ್ತು ಹಾಜರಾತಿಯ ವಿವರವನ್ನು ಪ್ರತಿ ಮಾಸಿಕ ಸಭೆಯಲ್ಲಿ ಮಂಡಿಸತಕ್ಕದ್ದು, ತವರಿಗೆ ತೆರಳುವವರ ಹೆಸರನ್ನು ತೆರಳುವ ಮುನ್ನ ಸಂಬಂಧಿಸಿದ ಅಂಗನವಾಡಿಗೆ ವರ್ಗಾಯಿಸಲು ಕ್ರಮ ವಹಿಸತಕ್ಕದ್ದು, ಮೊಟ್ಟೆ, ಹಾಲು, ಎಣ್ಣೆ, ಕಡಲೆಕಾಯಿಗಳ ಪೂರೈಕೆಯಲ್ಲಿ ವ್ಯತ್ಯಯವಾದಲ್ಲಿ ಅದೇ ವಾರದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು ಎಂದು ಸಭೆಯು ತೀರ್ಮಾನಿಸಿತು.”

9. ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಕ್ಷೇತ್ರದಲ್ಲಿ ಗರ್ಭಿಣಿ ಇರುವ ಮನೆಗಳಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಬಳಕೆಯಾಗುತ್ತದೆ? ಅದರಲ್ಲಿ ಅವಳ ಪಾಲೆಷ್ಟು?
2. ಅಂಗನವಾಡಿಯಲ್ಲಿ ನೋಂದಣಿಯಾದವರಿಗೂ ಊಟಕ್ಕೆ ಬರುವವರಿಗೂ ಇರುವ ಅಂತರವೆಷ್ಟು? ಕಾರಣಗಳೇನು?
3. ಕಳೆದ ಆರು ತಿಂಗಳಲ್ಲಿ ನಿಮ್ಮ ಊರಿನಿಂದ ತವರಿಗೆ ಹೋದವರೆಷ್ಟು, ತವರಿಗೆ ಬಂದವರೆಷ್ಟು? ಅವರೆಲ್ಲರಿಗೂ ಊಟ ದೊರೆಯುತ್ತಿದೆಯೇ?
4. ನಿಮ್ಮ ಊರಿನಲ್ಲಿ ಹಿಂದೆ ಬೆಳೆಯುತ್ತಿದ್ದು ಈಗ ಕಾಣದಾದ ಎಣ್ಣೆಕಾಳುಗಳು ಯಾವುವು?
5. ಬಾಣಂತಿಯ ಪಥ್ಯದಲ್ಲಿ ಉಳಿಸಿಕೊಳ್ಳಬೇಕಾದುದೇನು, ಬಿಡಬೇಕಾದುದೇನು?

ಗರ್ಭ ನಿಂತ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಸುಮಾರು ಒಂದು ಸಾವಿರ ದಿನಗಳು. ಈ ಅವಧಿಯಲ್ಲಿ ಮಿದುಳಿಗೆ ಸಿಗದೆಹೋದುದನ್ನು ಮುಂದೆ ಶಾಲೆಯ ಬಿಸಿಯೂಟದಲ್ಲಿ ಪೂರ್ಣವಾಗಿ ತುಂಬಿಕೊಡಲು ಆಗುವುದಿಲ್ಲ. ಹೊಸ ಕಟ್ಟಡ, ಹೊಸ ಅನುದಾನವಿಲ್ಲದೆಯೇ, ನಮ್ಮಲ್ಲಿರುವ ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು, ಹಾಲು, ಮೊಟ್ಟೆ, ಮೀನುಗಳಿಂದಲೇ ಇದರ ಬಹುಪಾಲನ್ನು ಸಾಧಿಸಬಹುದು. ಮುಂದಿನ ಮಾಸಿಕ ಸಭೆಯಲ್ಲಿ ಈ ಪಾಠವನ್ನು ಓದಿ, ಚರ್ಚಿಸಿ, ಮೇಲಿನ ನಿರ್ಣಯವನ್ನು ತಮ್ಮ ಊರಿಗೆ ತಕ್ಕಂತೆ ತಿದ್ದಿ ಅಂಗೀಕರಿಸಬೇಕೆಂದು ಕೋರಲಾಗಿದೆ.